ಕಿಡ್ನಿಯ ಭಯ ಹಿಡಿದ ಮಗಳಿಗೆ

ಚಿಕ್ಕಮಗಳೂರು

ಚಿ॥ ಮಗಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಹಾಸನದ ಹಾಸ್ಟೆಲಿನಿಂದ ನೀನು ಬರೆದ ಕಾಗದ ತಲುಪಿತು. ಮೂತ್ರ ಮಾಡುವಾಗ ಉರಿ, ಜ್ವರ ಏನೂ ಇಲ್ಲದಿದ್ದರೂ ಮೂತ್ರದ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಕಂಡಿದೆ, ಆದರೂ ವೈದ್ಯೆ ಮಾತ್ರೆ ಕೊಡಲಿಲ್ಲ ಎಂದು ಬರೆದಿದ್ದೀಯೆ. ಮನೆಯ ಸುದ್ದಿಯನ್ನೆಲ್ಲ ನಿನ್ನಮ್ಮ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ‘ಈ ಬ್ಯಾಕ್ಟೀರಿಯಾ ಸದ್ದಿಲ್ಲದೆ ನನ್ನ ಕಿಡ್ನಿಯನ್ನು ತಿಂದುಹಾಕುತ್ತಿರಬಹುದೇ?’ ಎಂದು ಕೇಳಿದ್ದೀಯಲ್ಲ, ಆ ಒಂದು ಸಾಲು ನನ್ನನ್ನು ಮಲಗಗೊಡಲಿಲ್ಲ.

ಇಲ್ಲ ಮಗಳೇ, ತಿನ್ನುವುದಿಲ್ಲ. ಮೂತ್ರದ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯ ವರದಿಯಲ್ಲಿ, ಮಿಲಿಲೀಟರಿಗೆ 1 ಲಕ್ಷಕ್ಕೂ ಹೆಚ್ಚು ಈ.ಕೋಲಿ (ಸಾಮಾನ್ಯವಾಗಿ ಕರುಳಿನಲ್ಲಿರುವ ಒಂದು ಬ್ಯಾಕ್ಟೀರಿಯಾ) ಎಂದು ಓದಿದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಆದರೆ ಉರಿ, ಜ್ವರ, ನೋವು ಒಂದೂ ಇಲ್ಲದ ಆರೋಗ್ಯವಂತ ಯುವತಿಯರಲ್ಲಿಯೂ ನೂರಕ್ಕೆ 1ರಿಂದ 5 ಮಂದಿಯ ಮೂತ್ರದಲ್ಲಿ ಇದು ಹೀಗೆಯೇ ಇರುತ್ತದೆ, ಎಷ್ಟೋ ಸಲ ತಾನಾಗಿಯೇ ಹೋಗುತ್ತದೆ. ಇಂಥವರಿಗೆ ಔಷಧಿ ಕೊಡಬಾರದೆಂದು ಅಮೆರಿಕದ ಸೋಂಕುರೋಗ ತಜ್ಞರ ಸಂಘವು 2019ರ ಮಾರ್ಗಸೂಚಿಯಲ್ಲಿಯೂ ಹೇಳಿದೆ. ನಿಮ್ಮ ವೈದ್ಯೆ ಮಾತ್ರೆ ಬರೆಯದೆ ಕಳುಹಿಸಿದ್ದು ಅಸಡ್ಡೆಯಿಂದಲ್ಲ.

ಇಷ್ಟು ಹೇಳಿದರೂ ನಿನ್ನ ಭಯ ಹೋಗಲಾರದೆಂದು ಬಲ್ಲೆ, ಆದ್ದರಿಂದ ಇನ್ನೊಂದು ಸಂಗತಿ. 1970ರ ದಶಕದಲ್ಲಿ ಸ್ವೀಡನ್ನಿನ ಶಾಲಾ ಬಾಲಕಿಯೊಬ್ಬಳ ಮೂತ್ರದಲ್ಲಿ ಮೂರು ವರ್ಷ ಯಾವ ತೊಂದರೆಯನ್ನೂ ಕೊಡದೆ ಉಳಿದಿದ್ದ ಈ.ಕೋಲಿಯ ತಳಿಯನ್ನೇ, ಪದೇಪದೇ ಮೂತ್ರದ ಸೋಂಕಿನಿಂದ ನರಳುವವರ ಮೂತ್ರಕೋಶಕ್ಕೆ ವೈದ್ಯರು ಬೇಕೆಂದೇ ಸೇರಿಸಿ, ಕೆಡುಕಿನ ಬ್ಯಾಕ್ಟೀರಿಯಾ ಬಾರದಂತೆ ತಡೆಯಲು ಪ್ರಯತ್ನಿಸಿದರು. ಅದು ಮೂತ್ರಪಿಂಡವನ್ನು ತಿನ್ನುವಂಥದ್ದಾಗಿದ್ದರೆ ಹಾಗೆ ಮಾಡುತ್ತಿದ್ದರೇ?

ಮೂಡಿಗೆರೆಯ ಕಡೆ ನಾನು ನರ್ಸಾಗಿದ್ದಾಗ, ವರದಿಯಲ್ಲಿ ಬ್ಯಾಕ್ಟೀರಿಯಾ ಕಂಡಿತೆಂಬ ಒಂದೇ ಕಾರಣಕ್ಕೆ ಆಂಟಿಬಯಾಟಿಕ್ ನುಂಗಿದ ಹುಡುಗಿಯರು ಭೇದಿಯಿಂದ ಸೊರಗಿದ್ದನ್ನು ಕಂಡಿದ್ದೇನೆ. ನಿಜವಾದ ಸೋಂಕು ಬಂದ ದಿನ ಅದೇ ಮಾತ್ರೆ ನಾಟದಂತಾಗುವುದೂ ಉಂಟು. ಅದಕ್ಕೂ ಹಿಂದೆ, ನನ್ನ ಶಾಲೆಯ ದಿನಗಳಲ್ಲಿ, ಶೌಚಾಲಯವಿಲ್ಲದೆ ಸಂಜೆಯವರೆಗೂ ತಡೆದುಕೊಂಡಿರುತ್ತಿದ್ದೆವು. ಉರಿಯಾದರೆ ‘ಉಷ್ಣ’ ಎಂದು ಜೀರಿಗೆ ನೀರು ಕೊಟ್ಟು ಮಾತು ಮುಗಿಸುತ್ತಿದ್ದರು. ನನ್ನ ಗೆಳತಿಯೊಬ್ಬಳು ಚಳಿಜ್ವರ, ಪಕ್ಕೆನೋವು ಎರಡನ್ನೂ ನಾಚಿಕೆಯಿಂದ ಮುಚ್ಚಿಟ್ಟುಕೊಂಡು ತಿಂಗಳುಗಟ್ಟಲೆ ಹಾಸಿಗೆ ಹಿಡಿದಳು. ಬಾಯಿಬಿಟ್ಟು ಕೇಳಬಹುದಾದ ಹಿರಿಯಳೊಬ್ಬಳು ಅವಳಿಗಿರಲಿಲ್ಲವೆಂಬ ಕೊರಗು ನನಗೆ ಇಂದಿಗೂ ಇದೆ. ನೀನು ಕೇಳಿದೆಯಲ್ಲ, ಅದೇ ನನಗೆ ಸಮಾಧಾನ.

ಅವಳಿಗೆ ಬಂದದ್ದು ಬೇರೆ, ನಿನಗಿರುವುದು ಬೇರೆ. ಉರಿ ಕಾಣಿಸಿಕೊಂಡರೆ ವೈದ್ಯೆಗೆ ತಿಳಿಸು. ಚಳಿಜ್ವರದೊಡನೆ ಪಕ್ಕೆಯೋ ಸೊಂಟದ ಮೇಲ್ಭಾಗವೋ ನೋಯತೊಡಗಿದರೆ ಮಾತ್ರ ಅಂದೇ ಆಸ್ಪತ್ರೆಗೆ ಹೋಗು. ಮುಂದೆಂದೋ ಬರುವ ಮಾತನ್ನು ಈಗಲೇ ಎತ್ತಿದೆನೆಂದು ಬೇಸರಿಸಬೇಡ: ಗರ್ಭಿಣಿಯಾದಾಗ ಲೆಕ್ಕ ಬೇರೆ, ಆಗ ಇದೇ ಬ್ಯಾಕ್ಟೀರಿಯಾ ಮೂತ್ರಪಿಂಡಕ್ಕೆ ಏರುವ ಸಂಭವ ಹೆಚ್ಚಾದ್ದರಿಂದ ಆರಂಭದ ತಿಂಗಳುಗಳಲ್ಲೇ ಪರೀಕ್ಷಿಸಿ ಔಷಧಿ ಕೊಡುತ್ತಾರೆ. ಈಗ ಅದರ ಅಗತ್ಯವಿಲ್ಲ. ಹಾಸ್ಟೆಲಿನ ಶೌಚಾಲಯ ಕೊಳಕೆಂದು ನೀರು ಕುಡಿಯುವುದನ್ನು ಬಿಡಬೇಡ, ಗೆಳತಿಯರ ಮಾತು ಕೇಳಿ ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು ನುಂಗಬೇಡ. ಮತ್ತೆ ಆ ಭಯ ಬಂದರೆ ರಾತ್ರಿಯಾದರೂ ಸರಿ, ನನಗೆ ಫೋನ್ ಮಾಡು.

ಇತಿ,
ನಿನ್ನ ದೊಡ್ಡಮ್ಮ