ಅವ್ವನ ತುಪ್ಪ, ನನ್ನ ಬಿಪಿ

ಮ್ಯಾಂಚೆಸ್ಟರ್,
ಭಾನುವಾರ ಸಂಜೆ

ಪ್ರೀತಿಯ ಅವ್ವನಿಗೆ,

ನಿನ್ನ ಪಾರ್ಸಲ್ ಬಂತು. ಉಪ್ಪಿನಕಾಯಿ ಸೋರಿಲ್ಲ, ಸಂಡಿಗೆ ಮಾತ್ರ ಅರ್ಧ ಮುರಿದಿದೆ. ಆ ಡಬ್ಬಿಯನ್ನು ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳೋಣ ಅಂತ ಎರಡು ಸಲ ಬಾಯಿ ತೆರೆದೆ. ನೀನು ಗಾಬರಿಯಾದೆ, ನಾನು ಮಾತು ಬದಲಿಸಿದೆ. ಕಾಗದವಾದರೆ ನಿಧಾನವಾಗಿ ಓದಬಹುದು.

ಮೊದಲೇ ಹೇಳಿಬಿಡುತ್ತೇನೆ, ನನಗೆ ಹಾರ್ಟ್ ಅಟ್ಯಾಕ್ ಆಗಿಲ್ಲ. ಎದೆನೋವೂ ಇಲ್ಲ. ಈ ವರ್ಷದ ಚೆಕಪ್ಪಿನಲ್ಲಿ ಬಿಪಿ 144/92 ಬಂತು. ಒಂದು ವಾರ ಮನೆಯಲ್ಲೇ ನೋಡಿ ಬರೆದಿಡಿ ಅಂದರು. ಆಗಲೂ ಜಾಸ್ತಿಯೇ ಇತ್ತು. ಕೊಲೆಸ್ಟ್ರಾಲ್ ಕೂಡ ಏರಿದೆ. ಹೃದಯದ ಸ್ಕ್ಯಾನ್ (ಎಕೋ) ಮಾಡಿದರು, ಹೃದಯ ಚೆನ್ನಾಗಿದೆ ಅಂದರು.

ಹುಟ್ಟಿನಿಂದಲೇ ಸಿಸ್ಟಿಕ್ ಫೈಬ್ರೋಸಿಸ್ ಕಾಯಿಲೆ ಇರೋಳಿಗೆ ಕೊಲೆಸ್ಟ್ರಾಲ್ ಎಲ್ಲಿಂದ ಬಂತು ಅಂತ ನೀನು ಕೇಳ್ತೀಯ. ನಾನೂ ಡಾಕ್ಟರನ್ನು ಅದನ್ನೇ ಕೇಳಿದೆ. ನಮಗೆ ಗೊತ್ತಿದ್ದದ್ದು ಕಫ, ಕೆಮ್ಮು, ತಿಂದದ್ದು ಮೈಗೆ ಹತ್ತದೆ ಎಣ್ಣೆಯಂತೆ ಹೊರಗೆ ಹೋಗುವುದು. ಟಿಬಿ ಅಂತ ಆರು ತಿಂಗಳು ಮಾತ್ರೆ ನುಂಗಿಸಿದರಲ್ಲ, ಆಗ ನೀನೊಬ್ಬಳೇ ಹೇಳುತ್ತಿದ್ದೆ, "ಈ ಮಗೂಗೆ ಮುತ್ತು ಕೊಟ್ರೆ ಉಪ್ಪುಪ್ಪು" ಅಂತ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1948ರಲ್ಲಿ ನ್ಯೂಯಾರ್ಕಿನಲ್ಲಿ ವಿಪರೀತ ಬಿಸಿಲು ಬಿದ್ದಾಗ ಈ ಕಾಯಿಲೆಯ ಮಕ್ಕಳು ನಿತ್ರಾಣವಾಗಿ ಆಸ್ಪತ್ರೆ ಸೇರಿದರಂತೆ. ಅವರ ಬೆವರಿನಲ್ಲೇ ಉಪ್ಪು ಹರಿದು ಹೋಗುತ್ತಿದೆ ಅಂತ ಪಾಲ್ ಡಿ ಸಾಂಟ್ ಆಗ್ನೀಸ್ ಎಂಬ ಡಾಕ್ಟರ್ ಕಂಡುಹಿಡಿದದ್ದು ಅಲ್ಲಿಂದಲೇ. ಅವ್ವ, ನೀನು ಮಂಡ್ಯದ ಅಡುಗೆಮನೆಯಲ್ಲಿ ನಿಂತು ಅದನ್ನೇ ಹೇಳಿದ್ದೆ.

ವೆಲ್ಲೂರಿನಲ್ಲಿ ಬೆವರಿನ ಟೆಸ್ಟ್ ಆಯಿತು. ಬೆವರಿನ ಉಪ್ಪಿನಂಶದ ನಂಬರ್ 60 ದಾಟಿದರೆ ಈ ಕಾಯಿಲೆ, ನನಗೆ 104. ಅವತ್ತಿನಿಂದ ನೀನು ಹಿಡಿದ ವ್ರತ ಎರಡೇ, ಉಪ್ಪು ಮತ್ತು ತುಪ್ಪ. ಮುದ್ದೆ ನಡುವೆ ಗುಳಿ ಮಾಡಿ ತುಪ್ಪ ಸುರೀತಿದ್ದೆ. ಉಪ್ಸಾರಿಗೂ ಮೇಲುಪ್ಪು ಹಾಕುತ್ತಿದ್ದೆ. ಬೇಸಿಗೆಯಲ್ಲಿ ಸ್ಕೂಲಿಗೆ ಉಪ್ಪು ಹಾಕಿದ ಮಜ್ಜಿಗೆ. ನಾನು ಇವತ್ತು ಬದುಕಿದ್ದರೆ ಅದರಿಂದ. ಇದನ್ನು ನೆನಪಿಟ್ಟುಕೊಂಡೇ ಮುಂದಿನದನ್ನು ಓದು.

ಮೊದಲೆಲ್ಲ ಈ ಕಾಯಿಲೆಯವರ ಹೃದಯ ಅಂದರೆ ಡಾಕ್ಟರುಗಳಿಗೆ ಬಲಭಾಗದ್ದೇ ಚಿಂತೆ. ಶ್ವಾಸಕೋಶ ಕೆಟ್ಟು ಆಕ್ಸಿಜನ್ ಕಮ್ಮಿಯಾದರೆ ಅಲ್ಲಿನ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ನಮ್ಮ ಪಂಪ್‌ಸೆಟ್ಟಿನ ಪೈಪಿನಲ್ಲಿ ಕಸ ಕಟ್ಟಿದಾಗ ಮೋಟರ್ ಒದ್ದಾಡುತ್ತಿತ್ತಲ್ಲ, ಹಾಗೆ ಹೃದಯದ ಬಲಭಾಗ ಒತ್ತಿ ಒತ್ತಿ ದಣಿಯುತ್ತದೆ. ಆಮೇಲೆ ಕಾಲು ಊದುತ್ತದೆ. ಕೊಬ್ಬು ಕಟ್ಟಿಕೊಂಡು ರಕ್ತನಾಳ ಮುಚ್ಚುವುದು ನಮ್ಮಂಥವರಲ್ಲಿ ಅಪರೂಪ. ತಿಂದ ಕೊಬ್ಬು ಸರಿಯಾಗಿ ರಕ್ತಕ್ಕೆ ಸೇರುತ್ತಿರಲಿಲ್ಲ. ಆ ಕಾಯಿಲೆ ಬರುವ ವಯಸ್ಸಿನವರೆಗೆ ಬದುಕಿದವರೂ ಕಡಿಮೆ.

2020ರಲ್ಲಿ ಆ ಮೂರು ಔಷಧ ಸೇರಿದ ಮಾತ್ರೆ ಸಿಕ್ಕ ಮೇಲೆ ಎಲ್ಲ ಬದಲಾಯಿತು. ನಿನಗೆ ಗೊತ್ತು, 41 ಕೆಜಿ ಇದ್ದವಳು ಈಗ 62. ಜೀವಕೋಶಗಳಲ್ಲಿ ಉಪ್ಪು ಹಾದುಹೋಗುವ ಬಾಗಿಲನ್ನು ಆ ಮಾತ್ರೆ ಸರಿ ಮಾಡುತ್ತದೆ. ಹಾಗಾಗಿ ಬೆವರಿನಲ್ಲಿ ಹೋಗುತ್ತಿದ್ದ ಉಪ್ಪು ಈಗ ಮೊದಲಿಗಿಂತ ಹೆಚ್ಚಾಗಿ ಮೈಯಲ್ಲೇ ಉಳಿಯುತ್ತದೆ. ಕೊಬ್ಬೂ ಮೊದಲಿಗಿಂತ ಚೆನ್ನಾಗಿ ಮೈಗೆ ಹತ್ತುತ್ತಿದೆ. ಆ ಮಾತ್ರೆಯಿಂದಲೇ ಕೆಲವರಿಗೆ ಬಿಪಿ ಸ್ವಲ್ಪ ಏರುತ್ತದಂತೆ. ಜೊತೆಗೆ ನನ್ನ ಸಕ್ಕರೆ ಕಾಯಿಲೆ ಇದೆ. ಇದು ಅಜ್ಜಿಗೆ ಇದ್ದಂಥದ್ದಲ್ಲ. ಮೇದೋಜೀರಕ ಗ್ರಂಥಿ ಕೆಟ್ಟು ಇನ್ಸುಲಿನ್ ಕಮ್ಮಿಯಾಗಿ ಬಂದದ್ದು. ಆದರೂ ವರ್ಷಗಳು ಕಳೆದಂತೆ ಅದು ಕಣ್ಣು, ಕಿಡ್ನಿಗೆ ಹೊಡೆತ ಕೊಡುತ್ತದೆ. ಕೈಗೆ ಹಾಕಿಸಿಕೊಂಡ ಆ ಡ್ರಿಪ್ಪುಗಳಲ್ಲಿ ಕೆಲವು ಆಂಟಿಬಯಾಟಿಕ್‌ಗಳೂ ಕಿಡ್ನಿಗೆ ಒಳ್ಳೆಯದಲ್ಲ. ಅದಕ್ಕೇ ಬಿಪಿ ಏರಿದಾಗ ಕಿಡ್ನಿಯನ್ನೂ ನೋಡಿದರು. ಸದ್ಯಕ್ಕೆ ಸರಿಯಾಗಿದೆ.

ಅಂದರೆ ನಿನ್ನ ಕೈ ತಪ್ಪು ಮಾಡಲಿಲ್ಲ. ಅವತ್ತು ಬೇಕಿದ್ದದ್ದು ಇವತ್ತು ಅಷ್ಟೊಂದು ಬೇಡ. ಇಷ್ಟು ಹೇಳಲು ನನಗೆ ಮೂರು ವಾರ ಬೇಕಾಯಿತು.

ತುಪ್ಪ ಪೂರ್ತಿ ಬಿಡಬೇಕಿಲ್ಲ. ಆ ಮಾತ್ರೆಯನ್ನು ಕೊಬ್ಬಿರುವ ಊಟದ ಜೊತೆಗೇ ನುಂಗಬೇಕು, ಇಲ್ಲದಿದ್ದರೆ ಸರಿಯಾಗಿ ಮೈಗೆ ಸೇರುವುದಿಲ್ಲ. ಬೆಳಿಗ್ಗೆ ದೋಸೆಗೆ ಒಂದು ಚಮಚ ಹಾಕಿಕೊಳ್ಳುತ್ತೇನೆ. ಊಟ ಜೀರ್ಣವಾಗಲು ನುಂಗುವ ಎನ್ಜೈಮ್ ಕ್ಯಾಪ್ಸೂಲೂ ಮುಂದುವರಿದಿದೆ. ಉಪ್ಪು ಎಷ್ಟು ಅಂತ ಇಲ್ಲಿನ ಡಯಟಿಷಿಯನ್ ಲೆಕ್ಕ ಹಾಕಿ ಕೊಟ್ಟಿದ್ದಾರೆ. ಊರಿಗೆ ಬಂದರೆ ಬಿಸಿಲು ನೋಡಿ ಬೇರೆ ಲೆಕ್ಕ. ಇನ್ನೊಂದು, ನಾನು ಬಂದಾಗ ಚಕ್ಕೋತ ತರಿಸಬೇಡ. ಅದರ ಜಾತಿಯ ಗ್ರೇಪ್‌ಫ್ರೂಟ್ ಈ ಮಾತ್ರೆಗೆ ಆಗುವುದಿಲ್ಲ.

ಮುಖ್ಯವಾದ ಮಾತು ಇದೇ ಕಾಯಿಲೆ ಇರುವ ಮದ್ದೂರಿನ ಆ ಹುಡುಗನದು. ಅವನ ತಾಯಿ ವಾರ ವಾರ ನಿನಗೆ ಫೋನ್ ಮಾಡಿ ಏನು ಕೊಡಲಿ ಅಂತ ಕೇಳ್ತಾರಲ್ವಾ. ನನ್ನ ವಿಷಯ ಕೇಳಿ ಅವರಿಗೆ "ತುಪ್ಪ ಕಮ್ಮಿ ಮಾಡಿ, ಉಪ್ಪು ಬಿಡಿ" ಅಂತ ಹೇಳಿಬಿಡಬೇಡ. ಅವನಿಗೆ ಈ ಮಾತ್ರೆ ಸಿಕ್ಕಿಲ್ಲ. ತೂಕವೂ ಏರಿಲ್ಲ. ಅವನಿಗೆ ನಿನ್ನ ಹಳೆಯ ಲೆಕ್ಕವೇ ಸರಿ. ಅದರಲ್ಲೂ ಮಾರ್ಚ್‌ನಿಂದ ಮೇವರೆಗೆ ಉಪ್ಪು, ನೀರು ತಪ್ಪಬಾರದು. ವಾಂತಿಯಾಗಿ ಸೊರಗಿದರೆ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಲಿ. ಬದಲಾವಣೆ ಏನಿದ್ದರೂ ಅವನ ಡಾಕ್ಟರೇ ಹೇಳಲಿ.

ಈಗ ನನಗೊಂದು ಕೆಲಸ ಮಾಡಿಕೊಡು. ನಮ್ಮ ಕಡೆಯವರಿಗೆ ಹೃದಯದ ಕಾಯಿಲೆ ಬೇಗ ಬರುತ್ತದೆ ಅಂತ ಮನೆಯವರ ವಿವರ ಕೇಳಿದ್ದಾರೆ. ಅಪ್ಪನಿಗೆ ಮೈಸೂರಿನಲ್ಲಿ ಸ್ಟೆಂಟ್ ಹಾಕಿದ ಫೈಲು ಬೀರುವಿನ ಮೇಲೆ, ಹಳೇ ಪಹಣಿ ಪತ್ರಗಳ ಕೆಳಗಿದೆ. ಅಣ್ಣನ ಕೈಲಿ ಪ್ರತಿ ಪುಟದ ಫೋಟೋ ತೆಗೆಸಿ ಕಳಿಸು. ಅಜ್ಜ ಗದ್ದೆ ಬದುವಿನ ಮೇಲೆ ಕುಸಿದಾಗ ಅವರಿಗೆ ಎಷ್ಟು ವಯಸ್ಸು? ನೀನು ಐವತ್ತು ಅಂತೀಯ, ಅತ್ತೆ ಅರವತ್ತು ಅಂತಾರೆ. ಅತ್ತೆಯನ್ನು ಇನ್ನೊಮ್ಮೆ ಕೇಳು. ನೀನೂ ಅಣ್ಣನೂ ಈ ವಾರವೇ ಬಿಪಿ ನೋಡಿಸಿ, ಆ ನಂಬರುಗಳನ್ನೂ ಜೊತೆಗೆ ಬರೆದು ಕಳಿಸಿ. ಮುಂದಿನ ತಿಂಗಳು 12ಕ್ಕೆ ನಾನು ಮತ್ತೆ ಡಾಕ್ಟರ್ ಹತ್ತಿರ ಹೋಗಬೇಕು.

ನಿನ್ನ ಮಗಳು,
ಪುಟ್ಟಿ