ದೂರದ ಮಾತುಗಳ ಅನುವಾದ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಆಗಾಗ ಬರುವ ಲ್ಯಾಟಿನ್ ಅಮೆರಿಕದ ಕಥೆಗಳನ್ನು ನಾನು ತಪ್ಪದೆ ಓದುತ್ತೇನೆ. ಕಾಫಿ ತೋಟ, ಬಿಡದೆ ಸುರಿಯುವ ಮಳೆ, ಗುಡ್ಡ ಹತ್ತಿಳಿಯುವ ದಾರಿ ಇರುವ ಆ ಕಥೆಗಳು ಕೊಡಗಿನವರಿಗೆ ಹೊರಗಿನವು ಅನ್ನಿಸುವುದಿಲ್ಲ. ಆದರೆ ಸ್ಪ್ಯಾನಿಷ್‌ನಿಂದ ಇಂಗ್ಲಿಷಿಗೆ, ಅಲ್ಲಿಂದ ಕನ್ನಡಕ್ಕೆ ಬರುವಷ್ಟರಲ್ಲಿ ಅವುಗಳಲ್ಲಿನ ದೂರ, ಹತ್ತಿರದ ಮಾತುಗಳು ದಾರಿ ತಪ್ಪುತ್ತಿವೆ.

ಸ್ಪ್ಯಾನಿಷ್ ಅಮೆರಿಕದ ಊರುಗಳಲ್ಲಿ ದಾರಿ ಹೇಳುವವರು 'ಕುವಾದ್ರಾ' ಎಂಬ ಅಳತೆಯಲ್ಲಿ ಹೇಳುತ್ತಾರೆ. ಚೌಕುಳಿಯಾಗಿ ಕಟ್ಟಿದ ಊರಿನಲ್ಲಿ ಒಂದು ಅಡ್ಡರಸ್ತೆಯಿಂದ ಮುಂದಿನದಕ್ಕೆ ಇರುವ, ಸುಮಾರು 100 ಮೀಟರಿನ ಅಂತರ ಅದು. ಇಂಗ್ಲಿಷಿನವರು ಅದನ್ನು 'ಬ್ಲಾಕ್' ಎನ್ನುವುದು ಸರಿಯೇ. ನಮ್ಮವರು ಆ ಬ್ಲಾಕನ್ನೇ ಉಳಿಸಿಕೊಂಡರೆ, ಜಯನಗರದ ನಾಲ್ಕನೇ ಬ್ಲಾಕನ್ನು ಬಲ್ಲ ಓದುಗ ಇಡೀ ಬಡಾವಣೆಗಳನ್ನೇ ದಾಟಿ ಹೋದಂತೆ ಭಾವಿಸುತ್ತಾನೆ. ಮಡಿಕೇರಿಯ ಏರಿಳಿತದ ಬೀದಿಗಳಲ್ಲಿ ಬೆಳೆದವನಿಗೆ ಅದು ಯಾವ ಅಳತೆಯೂ ಅಲ್ಲ. 'ನಾಲ್ಕು ಅಡ್ಡರಸ್ತೆ ದಾಟಿದರೆ' ಎಂದರೆ ಸಾಕು.

ಎದ್ದು ಕಾಣುವ ಸಂಗತಿಯನ್ನು ಸ್ಪ್ಯಾನಿಷ್‌ನಲ್ಲಿ 'ಲೆಗುವಾ ದೂರದಿಂದಲೇ ಕಾಣುತ್ತದೆ' ಎನ್ನುತ್ತಾರೆ. ಲೆಗುವಾ ಎಂದರೆ ಗಂಟೆಯ ನಡಿಗೆ, ಸುಮಾರು ಐದೂವರೆ ಕಿಲೋಮೀಟರ್. ಇಂಗ್ಲಿಷಿನಲ್ಲಿ ಅದು ಮೈಲಿಯಾಗುತ್ತದೆ, ನಾವೂ ಮೈಲಿ ಎಂದೇ ಬರೆಯುತ್ತೇವೆ. ಮೂರು ಮೈಲಿಯ ನಮ್ಮ ಹರದಾರಿ ಅದಕ್ಕೆ ಎಷ್ಟೋ ಹತ್ತಿರದ್ದು.

ಸ್ಪೇನಿನಲ್ಲಿ ತೀರಾ ದೂರದ ಜಾಗಕ್ಕೆ 'ಕ್ರಿಸ್ತ ಮೂರು ಕೂಗು ಹಾಕಿದ ಕಡೆ' ಎಂಬ ಮಾತಿದೆ. ನಮ್ಮ ಕೂಗಳತೆ ಇದಕ್ಕೆ ತದ್ವಿರುದ್ಧ. ಅದು ಹತ್ತಿರದ ಮನೆ. ಹಾಗಾಗಿ ಕೂಗು ಎಂಬುದನ್ನು ಕಂಡೊಡನೆ ಕೂಗಳತೆ ಎಂದು ಬರೆದರೆ ಅರ್ಥ ತಲೆಕೆಳಗಾಗುತ್ತದೆ. ದಕ್ಷಿಣ ಅಮೆರಿಕದಲ್ಲಿ ಅಂಥದೇ ಜಾಗಕ್ಕೆ 'ಸೈತಾನ ಪೊಂಚೊ ಕಳೆದುಕೊಂಡಲ್ಲಿ' ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಇವೆರಡೂ 'ಎಲ್ಲೋ ಒಂದು ಮೂಲೆ' ಎಂಬಷ್ಟಕ್ಕೆ ಸಪ್ಪೆಯಾಗಿಬಿಡುತ್ತವೆ. ಪೊಂಚೊ ಉಣ್ಣೆಯ ಹೊದಿಕೆ. 'ಸೈತಾನ ಕಂಬಳಿ ಕಳೆದುಕೊಂಡ ಜಾಗ' ಎಂದು ಬರೆದರೆ, ಕಂಬಳಿ ಹೊದ್ದು ಗದ್ದೆಗಿಳಿದವರ ನಾಡಿನಲ್ಲಿ ಅದಕ್ಕೆ ಅಡಿಟಿಪ್ಪಣಿ ಬೇಕಾಗದು.

ಹೆಚ್ಚು ನಷ್ಟವಾಗುವುದು ಕಣ್ಣಿಗೇ ಬೀಳದ ಪುಟ್ಟ ಪದಗಳಲ್ಲಿ. ಸ್ಪ್ಯಾನಿಷ್‌ನಲ್ಲಿ 'ಎಸ್ತೆ' ನನ್ನ ಹತ್ತಿರದ್ದು, 'ಎಸೆ' ನಿನ್ನ ಹತ್ತಿರದ್ದು, 'ಆಕೆಲ್' ಇಬ್ಬರಿಗೂ ದೂರದ್ದು. ಇಂಗ್ಲಿಷಿನಲ್ಲಿ ಇರುವುದು ಎರಡೇ. ಹಳಗನ್ನಡದಲ್ಲಿ ಇವಂ, ಅವಂಗಳ ನಡುವೆ 'ಉವಂ' ಇದ್ದ; ಇಂದು ನಾವೂ ಅವನನ್ನು ಬಿಟ್ಟಿದ್ದೇವೆ. ಹೀಗಾಗಿ ಮಾತನಾಡುವವರ ನಡುವಿನ ಅಂತರವನ್ನೇ ನೆಚ್ಚಿದ ಸಂಭಾಷಣೆಯಲ್ಲಿ ಎಲ್ಲವೂ 'ಆ ಬೆಟ್ಟ', 'ಆ ಮನೆ' ಆಗಿಬಿಡುತ್ತದೆ. 'ನಿನ್ನ ಪಕ್ಕದ', 'ಅಗೋ ಆಚೆಯ' ಎಂದು ಒಂದು ಪದ ಹೆಚ್ಚು ಬಳಸಿದರೆ ತಪ್ಪೇನಿಲ್ಲ.

ಮೆಕ್ಸಿಕೊದಲ್ಲೂ ಆಂಡೀಸ್ ಸೀಮೆಯಲ್ಲೂ ಹಳ್ಳಿಯವರು 'ಆಕಿ ನೊಮಾಸ್' ಎಂದರೆ 'ಇಲ್ಲೇ' ಎಂದರ್ಥ, ನಡೆದು ನೋಡಿದರೆ ದಾರಿ ಸವೆಯುವುದಿಲ್ಲ. ಭಾಗಮಂಡಲದಲ್ಲಿ ನಿಂತು ತಲಕಾವೇರಿ 'ಇಲ್ಲೇ ಮೇಲೆ' ಎನ್ನುವ ನಮ್ಮವರ ಬಾಯಲ್ಲೂ 8 ಕಿಲೋಮೀಟರ್ ಹೀಗೆಯೇ ಕರಗುತ್ತದೆ. ಅನುವಾದಕರು ಇದನ್ನು 'ಬಹಳ ಸಮೀಪದಲ್ಲಿದೆ' ಎಂದು ತಿದ್ದದೆ, ದಯವಿಟ್ಟು 'ಇಲ್ಲೇ' ಎಂದೇ ಬಿಡಲಿ.

ಇಂಗ್ಲಿಷಿನಿಂದ ಬಂದ ಅನುವಾದವಾದರೆ ಹಾಗೆಂದು ಕಥೆಯ ಕೆಳಗೆ ಮುದ್ರಿಸಬೇಕು, ಸಾಧ್ಯವಾದಾಗ ಸ್ಪ್ಯಾನಿಷ್ ಬಲ್ಲವರೊಬ್ಬರಿಗೆ ಮೂಲದೊಂದಿಗೆ ಹೋಲಿಸಿ ನೋಡಲು ಕೊಡಬೇಕು ಎಂದು ಕೋರುತ್ತೇನೆ.

ಓರ್ವ ಓದುಗ,
ವಿರಾಜಪೇಟೆ, ಕೊಡಗು