ಫಾಯಿಲ್ ಕತ್ತರಿಸುವ ಡೈ ಬಗ್ಗೆ ದೂರು

ಗೆ,
ಮಾಲೀಕರು, ಟೂಲ್ ರೂಮ್,
ಪೀಣ್ಯ ಕೈಗಾರಿಕಾ ಪ್ರದೇಶ, ಬೆಂಗಳೂರು

ಸರ್, ನಮಸ್ಕಾರ.

ಕೆಪಾಸಿಟರಿನ ಅಲ್ಯೂಮಿನಿಯಂ ಫಾಯಿಲ್ ಕತ್ತರಿಸೋಕೆ ನೀವು ಮಾಡಿಕೊಟ್ಟ ಡೈ (ಅಚ್ಚು) ಬಗ್ಗೆ ಫೋನಿನಲ್ಲಿ ಹೇಳಿ ಹೇಳಿ ಸಾಕಾಯ್ತು, ಅದಕ್ಕೇ ಈ ಪತ್ರ. ನೇರ ಅಂಚು ಚೆನ್ನಾಗಿ ಕಟ್ ಆಗುತ್ತದೆ. ತಿರುವಿನ ಹತ್ತಿರ ಕೆಡುತ್ತದೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಬಲಗಡೆ ಮೂಲೆಯಲ್ಲಿ ಗರಗಸದ ಹಲ್ಲಿನ ಹಾಗೆ ಬರ್, ಅಂದರೆ ಕತ್ತರಿಸಿದ ಅಂಚಿನ ಚೂಪು ಲೋಹದ ಮುಳ್ಳು, ಎದ್ದು ನಿಂತಿದೆ, ಪ್ರತಿ ಪೀಸಿನಲ್ಲೂ ಅದೇ ಜಾಗದಲ್ಲಿ. ಅಂದಮೇಲೆ ತಪ್ಪು ಫಾಯಿಲಿನದಲ್ಲ, ನಮ್ಮ ಆಪರೇಟರ್‌ದೂ ಅಲ್ಲ. ಆ ಮೂಲೆಯಲ್ಲಿ ಒತ್ತಿ ಕತ್ತರಿಸುವ ಪಂಚ್‌ಗೂ ಡೈಗೂ ನಡುವೆ ಕ್ಲಿಯರೆನ್ಸ್ (ಸಂದು) ಜಾಸ್ತಿಯಾಗಿದೆ, ಅಲ್ವಾ?

ಇದನ್ನು ಹೇಳಿದರೆ ನಿಮ್ಮ ಸೂಪರ್‌ವೈಸರ್, "ಎಮರಿ ಪೇಪರ್‌ನಲ್ಲಿ ಸ್ವಲ್ಪ ಉಜ್ಜಿಬಿಡಿ ಸಾರ್, ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀರಾ" ಅಂದರು. ಫ್ಯಾನಿನ ಕೆಪಾಸಿಟರ್ ಆಗಿದ್ದರೆ ನಾನೂ ಸುಮ್ನಿರುತ್ತಿದ್ದೆ. ಇದು ಎದೆಯ ಚರ್ಮದಡಿ ಕೂರಿಸುವ ಡಿಫಿಬ್ರಿಲೇಟರಿಗೆ ಹೋಗುವ ಮಾಲು. ಹೃದಯದ ಬಡಿತ ಅಡ್ಡಾದಿಡ್ಡಿಯಾದಾಗ ಸುಮಾರು 3 ವೋಲ್ಟಿನ ಬ್ಯಾಟರಿಯಿಂದಲೇ ಕೆಪಾಸಿಟರ್‌ಗಳು 700ಕ್ಕಿಂತ ಜಾಸ್ತಿ ವೋಲ್ಟಿಗೆ ಚಾರ್ಜ್ ಆಗಬೇಕು, ಅದೂ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ, ಆಮೇಲೆ 35 ಜೂಲ್‌ನಷ್ಟು ಶಾಕ್ ಕೊಡಬೇಕು. ಅಲ್ಲಿ ಒಂದು ಪದರ ಶಾರ್ಟ್ ಆದರೆ ರೋಗಿಗೆ ಇನ್ನೊಂದು ಅವಕಾಶ ಇರುತ್ತದೆ ಅಂತ ಹೇಳೋಕಾಗಲ್ಲ.

ಆ ಫಾಯಿಲ್ ದಪ್ಪ 0.1 ಮಿಲಿಮೀಟರ್. ಮೇಲ್ಮೈ ಜಾಸ್ತಿ ಸಿಗಲಿ ಅಂತ ಎಚಿಂಗ್ ಮಾಡಿ (ರಾಸಾಯನಿಕದಿಂದ ಕೊರೆಸಿ) ಮೈತುಂಬ ಕಣ್ಣಿಗೆ ಕಾಣದ ತೂತು ಕೊರೆದಿರುತ್ತಾರೆ, ಹಾಗಾಗಿ ಬಗ್ಗಿಸಿದರೆ ಮುರಿಯುತ್ತದೆ, ಉಜ್ಜಿದರೆ ಪುಡಿ ಉದುರುತ್ತದೆ, ಆ ಪುಡಿ ಹೋಗಿ ಕೂರೋದು ಕೆಪಾಸಿಟರ್ ಒಳಗೇ. ಉಜ್ಜದೆ ಬಿಟ್ಟರೆ ಬರ್, ಎರಡು ಫಾಯಿಲ್ ಒಂದಕ್ಕೊಂದು ತಾಗದ ಹಾಗೆ ನಡುವೆ ಇಡುವ ಸೆಪರೇಟರ್ ಪೇಪರನ್ನು ಚುಚ್ಚಿಕೊಂಡು ಆಚೆಗಿನ ಕ್ಯಾಥೋಡ್ (ಋಣ ಧ್ರುವದ) ಫಾಯಿಲಿಗೆ ತಾಗುತ್ತದೆ. ಕತ್ತರಿಸಿದ ಅಂಚಿನ ಮೇಲೆ ಕರೆಂಟ್ ತಡೆಯುವ ಆಕ್ಸೈಡ್ ಪದರವನ್ನು ಮತ್ತೆ ಬೆಳೆಸಬಹುದು, ಕೆಪಾಸಿಟರಿಗೆ ವೋಲ್ಟೇಜ್ ಕೊಟ್ಟು ಇಡುವ ಏಜಿಂಗ್‌ನಲ್ಲಿ ನಾವು ಮಾಡೋದೂ ಅದನ್ನೇ. ತೂತು ಬಿದ್ದ ಪೇಪರನ್ನು ಏನು ಮಾಡೋದು? ನಾಳೆ ವೈದ್ಯಕೀಯ ಉಪಕರಣಗಳ ಗುಣಮಟ್ಟದ ಐಎಸ್ಒ 13485 ಆಡಿಟ್‌ಗೆ ಬಂದವರ ಮುಂದೆ "ಎಮರಿಯಲ್ಲಿ ಉಜ್ಜಿದೆವು" ಅಂತ ರೆಕಾರ್ಡ್ ತೋರಿಸಲಾ?

ಇನ್ನೊಂದು ಮಾತು. ಡೈಯನ್ನು ಹಳೇ ನ್ಯೂಸ್ ಪೇಪರಿನಲ್ಲಿ ಸುತ್ತಿ ಕಳಿಸಿದ್ದೀರಿ. ಬಿಚ್ಚಿದರೆ ಕಟಿಂಗ್ ಎಡ್ಜ್ ಮೇಲೆ ಹೆಬ್ಬೆರಳ ಗುರುತು. ಬೆವರಿನ ಉಪ್ಪಲ್ಲಿರುವ ಕ್ಲೋರೈಡ್ ಡೈಯಿಂದ ಫಾಯಿಲಿಗೆ ಅಂಟಿದರೆ ಅಲ್ಯೂಮಿನಿಯಂ ಅನ್ನು ತಿಂದುಬಿಡುತ್ತದೆ. ಗ್ಲೌಸ್ ಹಾಕಿ ಹಿಡಿಯಿರಿ ಅಂತ ಡ್ರಾಯಿಂಗಿನಲ್ಲೇ ಬರೆದಿದ್ದೆವು, ಯಾರೂ ಓದಿದ ಹಾಗಿಲ್ಲ.

ಈಗ ಆಗಬೇಕಾದ್ದು ಇಷ್ಟು: ನಿಮ್ಮ ಖರ್ಚಿನಲ್ಲೇ ಡೈ ವಾಪಸ್ ತೆಗೆದುಕೊಂಡು ಹೋಗಿ ಆ ಮೂಲೆ ಸರಿ ಮಾಡಿ. ಬರೀ ಗ್ರೈಂಡ್ ಮಾಡಿದರೆ ಸಾಲದು, ಪಂಚ್ ಬದಲಿಸಬೇಕಾದರೆ ಬದಲಿಸಿ. ನಮ್ಮ ಫಾಯಿಲ್ ಕೊಡುತ್ತೇನೆ, ಟ್ರಯಲ್ ಹೊಡೆದು ತಿರುವಿನ ಮೈಕ್ರೋಸ್ಕೋಪ್ ಫೋಟೋ ಜೊತೆಗೇ ಡೈ ಕಳಿಸಿ. ಹಾಳಾದ ಫಾಯಿಲಿನ ಲೆಕ್ಕ ಇದರೊಂದಿಗೆ ಇಟ್ಟಿದ್ದೇನೆ, ಅದನ್ನು ಬಿಲ್ಲಿನಲ್ಲಿ ಕಳೆಯುತ್ತೇವೆ. ಫೋಟೋ ನೋಡಿದ ಮೇಲೆಯೇ ಬಾಕಿ ಹಣ.

ಇತಿ,
ಕ್ವಾಲಿಟಿ ವಿಭಾಗ